ಉದ್ದರಿಯ ಬೆಲೆಯಲ್ಲಿ ಬಡ್ಡಿ ಹುಡುಕುವವರಿಗೆ

ಉದ್ದರಿ ಸರಕಿಗೆ ನಗದಿಗಿಂತ ಹೆಚ್ಚು ಬೆಲೆ ಹಾಕಿದರೆ ಅದೂ ಬಡ್ಡಿಯೇ ಎನ್ನುವ ಮಾತು ನಮ್ಮ ಕಡೆ ಎರಡು ಬಗೆಯ ಜನರ ಬಾಯಲ್ಲಿ ಕೇಳಿಬರುತ್ತದೆ. ಒಂದು ಕಡೆ ದೇವರಿಗೆ ಹೆದರಿ ನಡೆಯುವ ಮುಸ್ಲಿಂ ಮನೆಗಳವರು. ಕಂತಿನ ಮೇಲೆ ಹೊಲಿಗೆ ಯಂತ್ರ ತಂದರೂ ಪಾಪ ಅಂಟೀತೆಂದು ಅವರಿಗೆ ಅಳುಕು. ಇನ್ನೊಂದು ಕಡೆ ಲೆಕ್ಕ ಬಲ್ಲವರು. ನಗದಿಗೆ ಹನ್ನೆರಡು, ಕಂತಿಗೆ ಹದಿನಾಲ್ಕು ಎಂದಮೇಲೆ ನಡುವಿನ ಎರಡು ಬಡ್ಡಿಯಲ್ಲದೆ ಮತ್ತೇನು, ಇಸ್ಲಾಮಿನ ನಿಯಮವೆಂದರೆ ಬಡ್ಡಿಗೆ ಟೋಪಿ ತೊಡಿಸಿದ್ದಷ್ಟೇ ಎಂದು ಅವರು ತೀರ್ಮಾನ ಕೊಡುತ್ತಾರೆ. ಇಬ್ಬರ ಮನಸ್ಸೂ ಬೇರೆ, ಹೇಳುವ ಮಾತು ಮಾತ್ರ ಒಂದೇ. ಆ ಮಾತು ತಪ್ಪು ಎಂಬುದು ನನ್ನ ವಾದ. ತಪ್ಪಿನಿಂದ ಆಗುವ ನಷ್ಟವೂ ಸಣ್ಣದಲ್ಲ. ಬಡ್ಡಿ ಇಲ್ಲದ ಕಡೆ ಅದನ್ನು ಹುಡುಕುತ್ತ ಕೂತವರಿಗೆ ತಮ್ಮದೇ ಹೊಲದ ಬದುವಿನ ಮೇಲೆ ಅದು ಕೂತಿರುವುದು ಕಾಣುವುದಿಲ್ಲ.

ಶಿಗ್ಗಾಂವ ತಾಲೂಕಿನ ಹಿರೇಬೆಂಡಿಗೇರಿಯಂಥ ಊರನ್ನು ತೆಗೆದುಕೊಳ್ಳಿ. ಶಿಗ್ಗಾಂವ, ಹಾನಗಲ್ಲ, ಸವಣೂರು, ಹಿರೇಕೆರೂರು ಸೀಮೆಯ ಮಳೆಯಾಶ್ರಿತ ಒಕ್ಕಲುತನವೇ ಉದ್ದರಿಯ ಮೇಲೆ ನಿಂತಿದೆ. ಜೂನ್ ತಿಂಗಳಲ್ಲಿ ಗೋವಿನಜೋಳ ಬಿತ್ತುವವನ ಕೈಯಲ್ಲಿ ರೊಕ್ಕ ಇರುವುದಿಲ್ಲ. ಅದು ಬರುವುದು ಅಕ್ಟೋಬರ್, ನವೆಂಬರಿನಲ್ಲಿ ಕಾಳು ಮಾರುಕಟ್ಟೆಗೆ ಹೋದಮೇಲೆ. ಮೆಣಸಿನಕಾಯಿ ಹಾಕಿದವನು ಇನ್ನೂ ಎರಡು ಮೂರು ತಿಂಗಳು ಕಾಯಬೇಕು. ಬೀಜ, ಗೊಬ್ಬರ, ಔಷಧ ಎಲ್ಲವೂ ಸುಗ್ಗಿಗೆ ಕೊಡುತ್ತೇನೆಂಬ ಮಾತಿನ ಮೇಲೆ ಬರಬೇಕು. ಉದ್ದರಿಯೇ ನಿಷಿದ್ಧವಾದರೆ ಇಲ್ಲಿ ಬಿತ್ತನೆಯೇ ನಡೆಯುವುದಿಲ್ಲ. ಧರ್ಮ ಇಂಥ ಬದುಕಿಗೆ ಏನು ಹೇಳುತ್ತದೆ ಎಂಬುದು ಪಂಡಿತರ ಕೋಣೆಯ ಚರ್ಚೆಯಷ್ಟೇ ಆಗಿ ಉಳಿಯುವಂಥದ್ದಲ್ಲ.

ವ್ಯಾಪಾರವೂ ಬಡ್ಡಿಯೂ ಒಂದೇ ಎಂಬ ವಾದ ಹೊಸದೇನಲ್ಲ. ಕುರ್‌ಆನ್‌ನ 2ನೇ ಅಧ್ಯಾಯದ 275ನೇ ವಚನವೇ ಈ ವಾದ ಹೂಡಿದವರನ್ನು ನೆನೆದು, ವ್ಯಾಪಾರಕ್ಕೆ ಅನುಮತಿಯಿದೆ, ಬಡ್ಡಿಗೆ ಇಲ್ಲ ಎಂದು ಕಡ್ಡಿ ಮುರಿದಂತೆ ಹೇಳುತ್ತದೆ. ಅಂದರೆ ಏಳನೇ ಶತಮಾನದ ಅರಬ್ ವರ್ತಕರಿಗೂ ಈ ಎರಡರ ಹೋಲಿಕೆ ಕಂಡಿತ್ತು. ಪ್ರವಾದಿ ಮುಹಮ್ಮದರು ಒಬ್ಬ ಯೆಹೂದಿ ವ್ಯಾಪಾರಿಯಿಂದ ಮುದ್ದತಿನ ಮೇಲೆ ಧಾನ್ಯ ತಂದು ತಮ್ಮ ಉಕ್ಕಿನ ಅಂಗಿಯನ್ನು ಒತ್ತೆ ಇಟ್ಟಿದ್ದ ಸಂಗತಿ ಪ್ರವಾದಿಯ ನಡೆನುಡಿಗಳನ್ನು ದಾಖಲಿಸುವ ಬುಖಾರಿಯವರ ಹದೀಸ್ ಸಂಗ್ರಹದಲ್ಲಿದೆ. ಬರೀರಾ ಎಂಬ ದಾಸಿ ವರ್ಷಕ್ಕೊಂದು ಊಕಿಯಾ ಬೆಳ್ಳಿಯಂತೆ ಒಂಬತ್ತು ಕಂತಿನಲ್ಲಿ ತನ್ನ ಬಿಡುಗಡೆಯ ಬೆಲೆ ತೆರಲು ಒಪ್ಪಂದ ಮಾಡಿಕೊಂಡ ಸಂಗತಿಯೂ ಅಲ್ಲೇ ಇದೆ. ಉದ್ದರಿಯೂ ಕಂತೂ ಆ ಸಮಾಜದ ನಿತ್ಯದ ವ್ಯವಹಾರವಾಗಿದ್ದವು. ನಿಷೇಧ ಬಂದದ್ದು ಬೇರೊಂದರ ಮೇಲೆ.

ಆ ಬೇರೊಂದು ಏನೆಂಬುದನ್ನು ಇಮಾಮ್ ಮಾಲಿಕರ ಮುವತ್ತಾ ಗ್ರಂಥ ವಿವರಿಸುತ್ತದೆ. ಇಸ್ಲಾಮ್‌ಪೂರ್ವ ಕಾಲದಲ್ಲಿ ಸಾಲದ ಗಡುವು ಬಂದಾಗ ಕೊಟ್ಟವನು ಬಂದು, ತೀರಿಸುತ್ತೀಯೋ ಏರಿಸುತ್ತೀಯೋ ಎಂದು ಕೇಳುತ್ತಿದ್ದ. ತೀರಿಸಲಾಗದವನು ಮೊತ್ತ ಏರಿಸಿಕೊಂಡು ಗಡುವು ಮುಂದೂಡಿಸಿಕೊಳ್ಳುತ್ತಿದ್ದ. ಮುಂದಿನ ಗಡುವಿಗೂ ಅದೇ ಪ್ರಶ್ನೆ. ನಮ್ಮ ಸಾವಕಾರರ ಕಟ್ಟೆಯ ಮೇಲೆ, ಈಗ ಮೀಟರ್ ಬಡ್ಡಿಯವರ ಫೋನಿನಲ್ಲಿ ಕೇಳುವ ಪ್ರಶ್ನೆಯೂ ಇದೇ. ನಿಷೇಧದ ಕೇಂದ್ರ ಇಲ್ಲಿದೆ. ವ್ಯಾಪಾರ ಕುದುರುವ ದಿನದ ಬೆಲೆಗಿಂತ, ಗಡುವು ಮೀರಿದ ಮರುದಿನದ ಮೊತ್ತವನ್ನು ಶಾಸ್ತ್ರ ಹಿಡಿದು ಕೇಳುತ್ತದೆ.

ಒಂದೇ ವ್ಯಾಪಾರದಲ್ಲಿ ಎರಡು ವ್ಯಾಪಾರ ಕೂಡದು ಎಂಬ ಅರ್ಥದ ಹದೀಸನ್ನು ಆಧರಿಸಿ ಕಂತಿನ ಹೆಚ್ಚುವರಿ ಬೆಲೆಯನ್ನೇ ನಿಷಿದ್ಧವೆಂದವರೂ ಇದ್ದಾರೆ. ಇಪ್ಪತ್ತನೇ ಶತಮಾನದ ಹದೀಸ್ ವಿದ್ವಾಂಸ ನಾಸಿರುದ್ದೀನ್ ಅಲ್ಬಾನಿ ಅವರಲ್ಲಿ ಪ್ರಮುಖರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಸುನ್ನಿ ಧರ್ಮಶಾಸ್ತ್ರದ ನಾಲ್ಕೂ ಪಂಥಗಳ ಬಹುಪಾಲು ಶಾಸ್ತ್ರಕಾರರು ಆ ಹದೀಸಿಗೆ ಕೊಟ್ಟ ಅರ್ಥ ಬೇರೆ: ನಗದಿಗಿಷ್ಟು, ಉದ್ದರಿಗಿಷ್ಟು ಎಂದು ಎರಡು ಬೆಲೆ ಹೇಳಿ, ಯಾವುದೆಂದು ಗೊತ್ತುಮಾಡದೆ ಗಿರಾಕಿ ಸರಕು ಹೊತ್ತು ಹೊರಟರೆ ಆ ವ್ಯಾಪಾರ ಕೆಡುತ್ತದೆ. ಅಂಗಡಿಯ ಮೆಟ್ಟಿಲಿಳಿಯುವ ಮೊದಲೇ ಒಂದನ್ನು ಗೊತ್ತುಮಾಡಿದರೆ ಸರಿ. ಉತ್ತರ ಕರ್ನಾಟಕದ ಮುಸ್ಲಿಮರಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ಪಂಥದ ಹಿದಾಯಾ ಗ್ರಂಥ, ಮುದ್ದತು ಕೊಟ್ಟಾಗ ಬೆಲೆ ಏರುವುದನ್ನು ಲೋಕರೂಢಿಯೆಂದೇ ಎಣಿಸುತ್ತದೆ. 1990ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ (ಧರ್ಮಶಾಸ್ತ್ರ) ಅಕಾಡೆಮಿ ತನ್ನ 6ನೇ ಅಧಿವೇಶನದಲ್ಲಿ ಇದನ್ನೇ ಠರಾವು ಮಾಡಿತು. ಕಂತಿನ ಬೆಲೆ ಹೆಚ್ಚಿರಬಹುದು, ಒಪ್ಪಂದದಲ್ಲಿ ಬೆಲೆ ಬೇರೆ ಬಡ್ಡಿ ಬೇರೆ ಎಂದು ಒಡೆದು ತೋರಿಸಕೂಡದು, ಕಂತು ತಡವಾದರೆ ಒಂದು ಪೈಸೆಯೂ ಮೇಲೆ ಹೇರಕೂಡದು ಎಂಬುದು ಅದರ ಸಾರ.

ಕೊನೆಯ ಈ ಷರತ್ತನ್ನು ಲೆಕ್ಕ ಬಲ್ಲವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೊಲಿಗೆ ಯಂತ್ರ ನಗದಿಗೆ 12,000 ರೂಪಾಯಿ, ಕಂತಿಗೆ 14,400. ತಿಂಗಳಿಗೆ 1,200ರಂತೆ ಹನ್ನೆರಡು ಕಂತು ಎಂದಿಟ್ಟುಕೊಳ್ಳೋಣ. ಆರು ಕಂತು ಕಟ್ಟಿದ ಮೇಲೆ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದರು, ಎರಡು ವರ್ಷ ಒಂದು ಕಾಸೂ ಕಟ್ಟಲಾಗಲಿಲ್ಲ. ಕಂತಿನ ಮಾರಾಟದಲ್ಲಿ ಬಾಕಿ ಅಂದು 7,200, ಎರಡು ವರ್ಷದ ಮೇಲೂ 7,200. ಅದೇ 7,200 ನೂರಕ್ಕೆ ಎರಡು ರೂಪಾಯಿಯ ಮಾಸಿಕ ಬಡ್ಡಿಯ ಸಾಲವಾಗಿದ್ದರೆ, ಚಕ್ರಬಡ್ಡಿ ಬಿಟ್ಟು ಸರಳ ಬಡ್ಡಿಯನ್ನೇ ಹಿಡಿದರೂ 10,656 ಆಗುತ್ತದೆ. ಇನ್ನೆರಡು ವರ್ಷಕ್ಕೆ 14,112. ಎಲ್ಲ ಕಂತೂ ಹೊತ್ತಿಗೆ ಸರಿಯಾಗಿ ಕಟ್ಟಿದವಳಿಗೆ ಎರಡೂ ಒಂದೇ ಎನಿಸುವುದು ನಿಜ. ಕಟ್ಟಲಾಗದೆ ನಿಂತವಳಿಗೆ ಎರಡರ ನಡುವೆ ಬೆಟ್ಟದಷ್ಟು ಅಂತರ. ಬಡ್ಡಿಯ ನಿಯಮಗಳು ಇರುವುದು ಎಂದಿಗೂ ಎಡವದವರಿಗಾಗಿ ಅಲ್ಲವಲ್ಲ.

ಹಾಗಾದರೆ ಕೊಡಲು ಶಕ್ತಿಯಿದ್ದೂ ಎಳೆದಾಡುವವನಿಗೆ ಇದು ಹಬ್ಬವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಶಾಸ್ತ್ರ ಅದಕ್ಕೂ ದಾರಿ ಇಟ್ಟಿದೆ. ಉಳ್ಳವನು ಸಾಲ ತೀರಿಸದೆ ಸತಾಯಿಸುವುದನ್ನು ಹದೀಸು ಅನ್ಯಾಯವೆಂದೇ ಕರೆಯುತ್ತದೆ. ಮಾರುವವನು ಜಾಮೀನು ಕೇಳಬಹುದು, ವಸ್ತುವನ್ನೇ ಒತ್ತೆಯಾಗಿ ಇಟ್ಟುಕೊಳ್ಳಬಹುದು, ಕಂತು ತಪ್ಪಿದರೆ ಉಳಿದ ಕಂತುಗಳೆಲ್ಲ ಒಟ್ಟಿಗೆ ಬಾಕಿಯಾಗುತ್ತವೆ ಎಂದು ಕರಾರು ಹಾಕಬಹುದು. ಒತ್ತೆಗೂ ಈ ಕರಾರಿಗೂ ಅಕಾಡೆಮಿಯ ಅದೇ ಠರಾವಿನಲ್ಲಿ ಜಾಗವಿದೆ. ಬಾಕಿ ಬೆಳೆಯುವುದಕ್ಕೆ ಮಾತ್ರ ಜಾಗವಿಲ್ಲ. ನಿಜಕ್ಕೂ ಕಷ್ಟದಲ್ಲಿರುವವನಿಗೆ ಅನುಕೂಲವಾಗುವ ತನಕ ಕಾಯಬೇಕು, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂದು 2ನೇ ಅಧ್ಯಾಯದ 280ನೇ ವಚನ ಹೇಳುತ್ತದೆ. ಹಳೆಯ ಮುಂಬಯಿ ಇಲಾಖೆಯಲ್ಲಿ ಹಿಂದೂ ಸಾಲಗಾರರಿಗೆ ದಾಮ್‌ದುಪಟ್ ಎಂಬ ನಿಯಮವಿತ್ತು, ಬಡ್ಡಿಯ ಬಾಕಿ ಅಸಲನ್ನು ಮೀರುವಂತಿರಲಿಲ್ಲ. ಅಂದಿನ ಧಾರವಾಡ ಜಿಲ್ಲೆಯ ನಮ್ಮ ಶಿಗ್ಗಾಂವ, ಹಾನಗಲ್ಲ, ಹಿರೇಕೆರೂರು ಸೀಮೆಯೂ ಅದೇ ಇಲಾಖೆಯದು. ಸಾಲಕ್ಕೊಂದು ಒಡ್ಡು ಬೇಕು ಎಂಬ ಅರಿವು ಈ ನೆಲಕ್ಕೆ ಹೊರಗಿನದಲ್ಲ. ದಾಮ್‌ದುಪಟ್‌ನಲ್ಲಿ ಒಡ್ಡು ಅಸಲಿನ ದುಪ್ಪಟ್ಟಿನ ಹತ್ತಿರ, ಇಸ್ಲಾಮಿನ ನಿಯಮದಲ್ಲಿ ಒಪ್ಪಿದ ಬೆಲೆಯಲ್ಲೇ.

ಇನ್ನು ಬಡ್ಡಿ ನಿಜವಾಗಿ ಎಲ್ಲಿದೆ ಎಂಬುದಕ್ಕೆ ಬರೋಣ. ಹಳ್ಳಿಗಳಲ್ಲಿ ಹೊಲ ಒತ್ತಿ ಹಾಕುವ ರೂಢಿ ಇದೆ. ಮಗಳ ಮದುವೆಗೋ ಆಸ್ಪತ್ರೆಗೋ ಎರಡು ಲಕ್ಷ ಬೇಕಾದವನು ಎರಡೆಕರೆ ಹೊಲವನ್ನು ರೊಕ್ಕ ಕೊಟ್ಟವನ ಕೈಗಿಡುತ್ತಾನೆ. ರೊಕ್ಕ ತಿರುಗಿ ಕೊಡುವ ತನಕ ಕೊಟ್ಟವನೇ ಉತ್ತು ಬಿತ್ತಿ ಪೀಕು ಒಯ್ಯುತ್ತಾನೆ. ಐದು ವರ್ಷ ಪೀಕು ಹೋದಮೇಲೂ ಕೊಡಬೇಕಾದ್ದು ಪೂರ್ತಿ ಎರಡು ಲಕ್ಷ. ಇದನ್ನು ಯಾರೂ ಬಡ್ಡಿ ಎನ್ನುವುದಿಲ್ಲ. ಬ್ಯಾಂಕಿನ ಮೆಟ್ಟಿಲು ಹತ್ತದೆ, ಕಂತಿನ ಸಾಮಾನು ಮುಟ್ಟದೆ ಶುದ್ಧವಾಗಿದ್ದೇನೆಂದು ನಂಬಿದವರ ಕೈಯಲ್ಲೂ ಇಂಥ ಒತ್ತಿ ಹೊಲಗಳಿರುತ್ತವೆ. ಸಾಲದಿಂದ ಕೊಟ್ಟವನಿಗೆ ಕರಾರಿನ ಲಾಭ ಬಂದರೆ ಅದು ಬಡ್ಡಿ ಎಂಬುದು ಫಿಕ್ಹಿನ ಮೊದಲ ಪಾಠಗಳಲ್ಲೊಂದು. ಹೊಲದ ಮಾಲೀಕ ಒಪ್ಪಿದರೆ ಅಡ್ಡಿಯಿಲ್ಲ ಎಂದ ಹನಫಿ ಪಂಡಿತರಿದ್ದರು. ಪೀಕಿನ ಆಸೆ ಇಲ್ಲದೆ ಯಾರೂ ರೊಕ್ಕ ಕೊಡದ ರೂಢಿ ಬಂದಮೇಲೆ ಆ ಒಪ್ಪಿಗೆಗೆ ಬೆಲೆಯಿಲ್ಲ ಎಂದು ನಂತರದವರು ತಡೆದರು. ಮಧ್ಯ ಏಷ್ಯಾದ ಬುಖಾರಾದಲ್ಲಿ ಸಾಲದ ಹೊರೆ ಮಿತಿಮೀರಿದಾಗ, ತಿರುಗಿ ಕೊಡುವ ಕರಾರಿನ ಮಾರಾಟವೆಂಬ ಹೆಸರಲ್ಲಿ ಇದಕ್ಕೆ ಕಿಂಡಿ ತೆರೆದವರೂ ಉಂಟು. ಅದರ ಬಗ್ಗೆ ಜಗಳ ಶತಮಾನಗಳ ಕಾಲ ನಡೆಯಿತು. ನಮ್ಮ ನೆಲದ ಕಾನೂನಿಗಂತೂ ಮುಚ್ಚುಮರೆಯಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಭೋಗ್ಯದ ಅಡಮಾನವನ್ನು ವಿವರಿಸುವಾಗ, ಜಮೀನಿನ ಆದಾಯವನ್ನು ಬಡ್ಡಿಯ ಬದಲಿಗೆ ತೆಗೆದುಕೊಳ್ಳಬಹುದೆಂದು ಬಾಯಿಬಿಟ್ಟು ಹೇಳುತ್ತದೆ. ಆದಾಯವನ್ನು ಅಸಲಿಗೆ ಜಮೆ ಮಾಡುವ ದಾರಿಯೂ ಅದೇ ಕಲಮಿನಲ್ಲಿದೆ. ಅದನ್ನು ಆರಿಸಿಕೊಂಡರೆ ಐದು ಪೀಕಿನಲ್ಲಿ ಸಾಲವೇ ಬಹುಪಾಲು ಕರಗಬಹುದು. ಒತ್ತಿ ಹಿಡಿದವರು ಇದನ್ನೇಕೆ ಆರಿಸುವುದಿಲ್ಲ ಎಂಬುದನ್ನು ಜಮಾಅತಿನ ಹಿರಿಯರು ಕೇಳಬೇಕಾದ ಕಾಲ ಯಾವಾಗಲೋ ಬಂದಿದೆ.

ಪೇಟೆಗಳಲ್ಲಿ ಲಕ್ಷಗಟ್ಟಲೆ ಮುಂಗಡ ಕೊಟ್ಟು ಬಾಡಿಗೆಯಿಲ್ಲದೆ ಇರುವ ಭೋಗ್ಯದ ಮನೆಗಳಿಗೂ ಇದೇ ಪ್ರಶ್ನೆ ಹೊಂದುತ್ತದೆ.

ದಲಾಲಿ ಅಂಗಡಿಯ ಮುಂಗಡವನ್ನೂ ನೋಡಿ. ಬಿತ್ತನೆಗೆ ಬಡ್ಡಿಯಿಲ್ಲದೆ ಮೂವತ್ತು ಸಾವಿರ ಕೊಡುತ್ತಾರೆ, ಷರತ್ತು ಒಂದೇ: ಕಾಳು ತಮ್ಮ ಅಂಗಡಿಗೇ ಬರಬೇಕು. ಬಂದಮೇಲೆ ತೂಕದಲ್ಲೋ ದರದಲ್ಲೋ ಕಮಿಷನ್ನಿನಲ್ಲೋ ಒಂದಿಷ್ಟು ಕಡಿತವಾದರೆ ಎದುರಾಡುವ ಬಾಯಿ ರೈತನಿಗಿರುವುದಿಲ್ಲ. ಬಡ್ಡಿ ತೆಗೆದುಕೊಳ್ಳದ ಪುಣ್ಯಾತ್ಮರೆಂದು ಊರು ಹೊಗಳುತ್ತದೆ. ಸಾಲಕ್ಕೆ ಕಟ್ಟಿದ ಲಾಭ ಎಂಬ ಅಳತೆಗೋಲು ಹಿಡಿದರೆ ಈ ಮುಂಗಡ ಬಡ್ಡಿಯ ಪಕ್ಕಕ್ಕೇ ಬರುತ್ತದೆ. ಅದರ ಎದುರಿನ ಗೊಬ್ಬರದಂಗಡಿಯವನು ಸುಗ್ಗಿಗೆ ಇಷ್ಟು ಎಂದು ಮೊದಲೇ ಹೇಳಿ, ಚೀಟಿ ಬರೆದು, ಸುಗ್ಗಿ ತಪ್ಪಿದರೂ ಅಷ್ಟನ್ನೇ ಕೇಳುವವನಾದರೆ ಅವನು ಶುದ್ಧ ವ್ಯಾಪಾರಿ. ಅವನು ಯಾವ ಧರ್ಮದವನೆಂಬುದು ಇಲ್ಲಿ ಮುಖ್ಯವಲ್ಲ, ಒಪ್ಪಂದದ ಗುಣ ಮುಖ್ಯ. ಒಂದು ಎಚ್ಚರಿಕೆ ಸೇರಿಸಬೇಕು. ಚೀಲದ ಮೇಲೆ ಎಂಆರ್‌ಪಿ ಅಚ್ಚಾದ ಸರಕಿಗೆ ಉದ್ದರಿಯ ಹೆಸರಲ್ಲಿ ಅದಕ್ಕಿಂತ ಹೆಚ್ಚು ಕೇಳುವುದು ಅಪರಾಧ. 45 ಕಿಲೋ ಯೂರಿಯಾ ಚೀಲದ ದರ 266 ರೂಪಾಯಿ 50 ಪೈಸೆ ಎಂದಿದ್ದರೆ ಉದ್ದರಿಗೂ ಅದೇ ಗರಿಷ್ಠ. ಶಾಸ್ತ್ರದ ಅನುಮತಿ ಇದೆಯೆಂದು ಯಾರೂ ಈ ಮಿತಿ ದಾಟುವಂತಿಲ್ಲ. ನಗದು ಗಿರಾಕಿಗೆ ಇಳಿಸಿ ಕೊಟ್ಟು ಅಂತರ ಇಡಲಿ.

ಲೆಕ್ಕ ಬಲ್ಲವರ ವಾದದಲ್ಲಿ ಒಪ್ಪಲೇಬೇಕಾದ ಒಂದು ಭಾಗವಿದೆ. ಕಂತಿನ ಮಾರಾಟದ ಚೌಕಟ್ಟನ್ನು ಬಡ್ಡಿಗೆ ಪರದೆಯಾಗಿ ಬಳಸಬಹುದು, ಬಳಸಿದ್ದಾರೆ. ಫೋನನ್ನು ಕಂತಿಗೆ ಇಪ್ಪತ್ತು ಸಾವಿರಕ್ಕೆ ಮಾರಿ, ಅಲ್ಲೇ ನಿಂತು ಹದಿನೈದು ಸಾವಿರ ನಗದಿಗೆ ತಾನೇ ತಿರುಗಿ ಕೊಳ್ಳುವ ಆಟಕ್ಕೆ ಶಾಸ್ತ್ರಕಾರರು ಈನಾ ಎಂದು ಹೆಸರಿಟ್ಟು ಬಹುಪಾಲು ನಿಷೇಧಿಸಿದರು. ಬ್ಯಾಂಕುಗಳೇ ಏರ್ಪಡಿಸುವ ಅದರ ದೊಡ್ಡ ರೂಪವನ್ನು 2009ರಲ್ಲಿ ಶಾರ್ಜಾದಲ್ಲಿ ಸೇರಿದ್ದ ಅದೇ ಅಕಾಡೆಮಿ ತಳ್ಳಿಹಾಕಿತು. ಕೊಳ್ಳದ ವಸ್ತುವನ್ನು ಮಾರಕೂಡದು ಎಂಬ ನಿಯಮವಿರುವುದು ಇದಕ್ಕಾಗಿಯೇ. ಶೋರೂಮಿನಲ್ಲಿ ಬೈಕು ಮಾರುವವನು ಒಬ್ಬ, ರೊಕ್ಕ ಕೊಡುವ ಫೈನಾನ್ಸ್ ಕಂಪನಿ ಇನ್ನೊಂದು. ಆ ಕಂಪನಿ ಬೈಕನ್ನು ಕೊಂಡಿಲ್ಲ, ಅದರ ಹೊಣೆ ಒಂದು ಗಳಿಗೆಯೂ ಹೊತ್ತಿಲ್ಲ. ಕೊಟ್ಟದ್ದು ರೊಕ್ಕ, ಕೇಳುವುದು ಹೆಚ್ಚಿನ ರೊಕ್ಕ. ಅದನ್ನು ಕಂತಿನ ವ್ಯಾಪಾರವೆಂದು ಸಮಾಧಾನ ಪಡುವುದು ತನ್ನನ್ನು ತಾನೇ ವಂಚಿಸಿಕೊಂಡಂತೆ. ಶೂನ್ಯ ಬಡ್ಡಿಯ ಜಾಹೀರಾತನ್ನಂತೂ ರಿಸರ್ವ್ ಬ್ಯಾಂಕೇ 2013ರ ಸೆಪ್ಟೆಂಬರಿನಲ್ಲಿ, ಅಂಥದ್ದೊಂದು ಇಲ್ಲವೇ ಇಲ್ಲ ಎಂದು ಬ್ಯಾಂಕುಗಳಿಗೆ ನಿಷೇಧಿಸಿತು. ಚಿನ್ನ ಬೆಳ್ಳಿಯ ವಿಷಯದಲ್ಲಿ ಬಹುಪಾಲು ಶಾಸ್ತ್ರಕಾರರು ಇನ್ನೂ ಬಿಗಿ. ಅವು ಹಣದ ಜಾತಿಯವು, ಕೈಯಿಂದ ಕೈಗೆ ಆಗಬೇಕು, ಕಂತು ಸಲ್ಲದು.

ಹೆಸರು ನೋಡಿ ನಂಬುವವರಿಗೆ ಏನಾಗುತ್ತದೆಂಬುದನ್ನು ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಕಂಪನಿ ತೋರಿಸಿದೆ. ಚಿನ್ನದ ವ್ಯಾಪಾರವನ್ನು ಮುಂದಿಟ್ಟುಕೊಂಡು, ಬಡ್ಡಿಯಲ್ಲದ ಲಾಭ ಎಂದು ಹೇಳಿ ಅದು ಜನರ ಹಣ ಸೇರಿಸಿತು. 2019ರ ಜೂನ್‌ನಲ್ಲಿ ಸಂಸ್ಥಾಪಕ ಮನ್ಸೂರ್ ಖಾನ್ ದುಬೈಗೆ ಹೋದರು, ಜುಲೈನಲ್ಲಿ ದೆಹಲಿಯಲ್ಲಿ ಬಂಧನವಾಯಿತು, ಆಗಸ್ಟಿನಲ್ಲಿ ತನಿಖೆ ಸಿಬಿಐ ಕೈಗೆ ಹೋಯಿತು. ಸುಮಾರು 4,000 ಕೋಟಿ ರೂಪಾಯಿಯ ವ್ಯವಹಾರವೆಂದು ಹೇಳಲಾದ ಆ ಪ್ರಕರಣದಲ್ಲಿ ದೂರು ಕೊಡಲು ಶಿವಾಜಿನಗರದಲ್ಲಿ ಸಾಲುಗಟ್ಟಿದ ಸಾವಿರಾರು ಜನ ಬಡ್ಡಿಗೆ ಹೆದರಿದ್ದ ಸಾಮಾನ್ಯರು. ಇಂಥ ಹಗರಣಕ್ಕೆ ಶರಿಯತ್ತಿನ ನಿಯಮಗಳೇ ಕಾರಣ ಎಂದು ಆಗ ಬರೆದವರಿದ್ದಾರೆ. ನನಗೆ ಕಾಣುವುದು ತಿರುಗುಮುರುಗು. ಪಾಲುದಾರನೆಂದರೆ ನಷ್ಟದಲ್ಲೂ ಪಾಲು ಇರಲೇಬೇಕು ಎಂಬುದು ನಿಯಮ. ಯಾವ ತಿಂಗಳೂ ನಷ್ಟವಾಗದ, ಪ್ರತಿ ತಿಂಗಳೂ ಲಾಭ ಹಂಚುವ ವ್ಯಾಪಾರ ಯಾವುದು, ಅದರ ಸರಕೆಲ್ಲಿದೆ, ಖರೀದಿಯ ಲೆಕ್ಕವೆಲ್ಲಿದೆ ಎಂದು ಆ ನಿಯಮ ಹಿಡಿದು ಮೊದಲ ದಿನವೇ ಕೇಳಿದ್ದರೆ ಅಷ್ಟು ಮನೆಗಳು ಮುಳುಗುತ್ತಿರಲಿಲ್ಲ. ಕಂತಿನ ಮಿಕ್ಸರಿಗೆ ನೂರು ಸಂಶಯ ಪಟ್ಟವರು ಅಲ್ಲಿ ಒಂದೂ ಸಂಶಯ ಪಡಲಿಲ್ಲ. ಅವರಿಗೆ ದಾರಿ ತೋರಬೇಕಾದ ಧರ್ಮಗುರುಗಳಲ್ಲೂ ಹಲವರು ಸುಮ್ಮನಿದ್ದರು.

ಬಾಕಿ ಬೆಳೆಯಬಾರದೆಂಬ ನಿಯಮ ಈ ಕಾಲಕ್ಕೆ ಹೊಂದುವುದಿಲ್ಲ ಎನ್ನುವವರು ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ 18ರ ಸುತ್ತೋಲೆ ಓದಲಿ. ಕಂತು ತಪ್ಪಿದ್ದಕ್ಕೆ ದಂಡವನ್ನು ಬಡ್ಡಿದರದ ಮೇಲೆ ಪೇರಿಸಕೂಡದು, ಶುಲ್ಕವಾಗಿ ಹಾಕಬಹುದು, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಕಟ್ಟಕೂಡದು ಎಂದು ಅದು ಬ್ಯಾಂಕುಗಳಿಗೂ ಫೈನಾನ್ಸ್ ಕಂಪನಿಗಳಿಗೂ ಹೇಳಿತು. 2024ರ ಏಪ್ರಿಲ್ 1ರಿಂದ ಹೊಸ ಸಾಲಗಳಿಗೆ ಜಾರಿಯೂ ಆಯಿತು. ಮೂಲ ಬಡ್ಡಿ ಹಾಗೇ ಉಳಿದಿದೆ, ನಿಜ. ಆದರೆ ತಪ್ಪಿದ ಕಂತನ್ನು ಗಳಿಕೆಯ ಮೂಲ ಮಾಡಿಕೊಳ್ಳುವುದು ಅನ್ಯಾಯವೆಂದು ಅರ್ಧ ದಾರಿಯಷ್ಟಾದರೂ ಅದು ಒಪ್ಪಿದೆ.

ಉಳಿದರ್ಧ ದಾರಿಯ ಸಂಕಟ ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತು. ಮೈಕ್ರೋಫೈನಾನ್ಸ್ ಸಂಘಗಳ ವಸೂಲಿಗೆ ಬೇಸತ್ತ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು 2025ರ ಜನವರಿಯಲ್ಲಿ ಮಾಂಗಲ್ಯ ಉಳಿಸಿ ಎಂದು ಬೀದಿಗೆ ಬಂದರು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಿರುಕುಳಕ್ಕೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ವಸೂಲಿಗೆ ಬರುವವನ ಬಾಯಿ ಕಟ್ಟುವ ಕಾನೂನು ಬೇಕೇ ಬೇಕು. ಆದರೆ ಬಾಗಿಲಲ್ಲಿ ನಿಂತು ಕೂಗುವವನನ್ನು ತಡೆದರೂ ಒಳಗೆ ಪುಸ್ತಕದಲ್ಲಿ ಮೊತ್ತ ಬೆಳೆಯುತ್ತಲೇ ಇದ್ದರೆ ಕೂಗು ಇನ್ನೊಂದು ರೂಪದಲ್ಲಿ ಬರುತ್ತದೆ. ಸಹಕಾರಿ ಸಂಘಗಳ ಮೂಲಕ ರಾಜ್ಯ ಕೊಡುವ ಬಡ್ಡಿರಹಿತ ಬೆಳೆಸಾಲದ ಮಿತಿ 2023-24ರ ಬಜೆಟ್ಟಿನಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೇರಿತು. ರಾಜ್ಯದ ಸಹಕಾರಿ ಚಳವಳಿ 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಾವಕಾರರ ಬಡ್ಡಿಗೆ ಎದುರಾಗಿಯೇ ಹುಟ್ಟಿದ್ದು ಎಂಬುದನ್ನು ನೆನೆದರೆ ಇದು ಹೆಮ್ಮೆಯ ಸಂಗತಿ. ಆದರೂ ಗಡುವಿಗೆ ಸರಿಯಾಗಿ ತೀರಿಸಿದವನಿಗಷ್ಟೇ ಆ ಶೂನ್ಯ. ಮಳೆ ಕೈಕೊಟ್ಟು ಗಡುವು ಮೀರಿದ ದಿನ ಬಡ್ಡಿ ಬೀಳಲು ಶುರುವಾಗುತ್ತದೆ. ಆಸರೆ ಬೇಕಾದ ದಿನವೇ ಆಸರೆ ಕಳಚುವ ಈ ಏರ್ಪಾಡನ್ನು ಬದಲಿಸಿ ಎಂದು ಕೇಳಲು ಮುಸ್ಲಿಮನಾಗಬೇಕಿಲ್ಲ.

ಕಂತಿನ ಮಾರಾಟಕ್ಕೆ ಅನುಮತಿಯಿದೆ ಎಂದ ಮಾತ್ರಕ್ಕೆ ಹನ್ನೆರಡು ಸಾವಿರದ ಸರಕಿಗೆ ಮೂವತ್ತು ಸಾವಿರ ಹಾಕುವುದು ನ್ಯಾಯವಾಗುವುದಿಲ್ಲ. ಗಿರಾಕಿಯ ಅಜ್ಞಾನವನ್ನು ಬಳಸಿ ಬೆಲೆ ಏರಿಸುವುದನ್ನು ಶಾಸ್ತ್ರವೂ ವಂಚನೆಯ ಸಾಲಿಗೇ ಸೇರಿಸಿದೆ. ಆ ತಕರಾರು ಬೆಲೆಯ ಬಗ್ಗೆ. ಅದನ್ನು ಬೇರೆಯಾಗಿಯೇ, ಇಷ್ಟೇ ಗಟ್ಟಿಯಾಗಿ ಎತ್ತಬೇಕು.

ಹಿರೇಬೆಂಡಿಗೇರಿಯಲ್ಲಾಗಲಿ, ಸವಣೂರಿನಲ್ಲಾಗಲಿ, ಹಾನಗಲ್ಲಿನಲ್ಲಾಗಲಿ ಈ ಮುಂಗಾರಿಗೆ ಉದ್ದರಿ ತರುವವರಲ್ಲಿ ನನ್ನ ಕೋರಿಕೆ ಇದು. ಅಂಗಡಿಯಲ್ಲೇ ಒಟ್ಟು ಬೆಲೆ, ಮುದ್ದತು ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಸಾಲವನ್ನು ಬರೆದಿಡಿ ಎಂದು ಹೇಳುವ 2ನೇ ಅಧ್ಯಾಯದ 282ನೇ ವಚನ ಕುರ್‌ಆನ್‌ನಲ್ಲೇ ಎಲ್ಲಕ್ಕಿಂತ ದೀರ್ಘವಾದದ್ದು. ಸುಗ್ಗಿ ತಪ್ಪಿದರೆ ಎಷ್ಟು ಕೊಡಬೇಕು ಎಂದು ಕೊಳ್ಳುವ ದಿನವೇ ಕೇಳಿ. ಅಷ್ಟೇ ಎಂದರೆ ನಿಶ್ಚಿಂತೆಯಿಂದ ತನ್ನಿ, ಹೆಚ್ಚಾಗುತ್ತದೆ ಎಂದರೆ ಬೇರೆ ಅಂಗಡಿ ನೋಡಿ. ಜಮಾಅತಿನ ಹಿರಿಯರು ಈ ವರ್ಷ ಫ್ರಿಜ್ಜಿನ ಕಂತಿನ ಚರ್ಚೆ ಬದಿಗಿಟ್ಟು, ಊರಿನಲ್ಲಿ ಒತ್ತಿ ಬಿದ್ದಿರುವ ಹೊಲಗಳ ಪಟ್ಟಿ ಮಾಡಿ, ಎಷ್ಟು ಪೀಕು ಹೋಗಿದೆ, ಅದರಲ್ಲಿ ಅಸಲಿಗೆ ಎಷ್ಟು ಜಮೆಯಾಗಬೇಕು ಎಂಬ ಲೆಕ್ಕಕ್ಕೆ ಕೂರಲಿ.